ಸೀಸೆಯೊಂದನ್ನು ಕೊಟ್ಟರೆ ಸಾಲದು

ಇನ್‌ಸುಲಿನ್ ಒಂದು ಪ್ರೋಟೀನು. ನುಂಗಿದರೆ ತಿಂದ ಬೇಳೆಯಂತೆಯೇ ಹೊಟ್ಟೆಯಲ್ಲಿ ಅರಗಿಹೋಗುತ್ತದೆ. ಆದುದರಿಂದಲೇ ಅದನ್ನು ಚರ್ಮದಡಿಗೆ ಚುಚ್ಚಿಕೊಳ್ಳಬೇಕು. ಬಿಸಿಲಿಗೆ ಅದು ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಬಳಕೆಗೆ ತೆಗೆಯುವ ತನಕ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹೀಗೆ ಮದ್ದಿನ ಬೆಲೆಯ ಜೊತೆಗೆ ಸೂಜಿಯ ಪ್ರಶ್ನೆಯೂ ತಂಪಿನ ಪ್ರಶ್ನೆಯೂ ಅಂಟಿಕೊಂಡಿವೆ. ಇವು ವೈದ್ಯರ ಪ್ರಶ್ನೆಗಳು ಮಾತ್ರವಲ್ಲ, ಉಳ್ಳವರ ಮತ್ತು ಇಲ್ಲದವರ ಪ್ರಶ್ನೆಗಳು.

1921ರಲ್ಲಿ ಟೊರಾಂಟೋದಲ್ಲಿ ಕಂಡುಹಿಡಿದ ಈ ಮದ್ದಿನ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ವಿಜ್ಞಾನಿಗಳು 1923ರಲ್ಲಿ ತಲಾ ಒಂದೇ ಡಾಲರಿಗೆ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. 1936ರಲ್ಲಿ ಡೆನ್ಮಾರ್ಕಿನ ಹಾಗೆಡೋರ್ನ್, ಮೀನಿನಿಂದ ತೆಗೆದ ಪ್ರೋಟಮಿನ್ ಬೆರೆಸಿ ಮದ್ದು ಮೈಯಲ್ಲಿ ನಿಧಾನವಾಗಿ ಕರಗುವಂತೆ ಮಾಡಿದರು. ಚುಚ್ಚಿಕೊಳ್ಳುವ ಸಲಗಳು ಕಡಿಮೆಯಾದವು. 1985ರಲ್ಲಿ ಪೆನ್ನು ಬಂತು. ಗುಂಡಿ ತಿರುಗಿಸಿ ಪ್ರಮಾಣ ಗೊತ್ತುಮಾಡಬಹುದಾದ ಈ ಸಾಧನ, ಸಿರಿಂಜಿನ ಗೀಟು ಕಾಣದ ಮುದುಕರಿಗೆ ದೊಡ್ಡ ಅನುಕೂಲ.

ಆದರೆ ಅನುಕೂಲ ಯಾರ ಪಾಲಾಗುತ್ತದೆ? 2024ರಲ್ಲಿ ನೋವೋ ನಾರ್ಡಿಸ್ಕ್ ಕಂಪೆನಿ ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಿಗೆ ಮಾನವ ಇನ್‌ಸುಲಿನ್ ಪೆನ್ನು ಒದಗಿಸುವ ಕರಾರನ್ನು ಮುಂದುವರಿಸಲಿಲ್ಲ. ತಯಾರಿಕೆಯ ಸಾಮರ್ಥ್ಯ ಸಾಲದೆಂಬುದು ಅದರ ಸಬೂಬು. ಅದೇ ಹೊತ್ತಿಗೆ ಅದೇ ಕಂಪೆನಿಯ ತೂಕ ಇಳಿಸುವ ದುಬಾರಿ ಮದ್ದು ಪೆನ್ನುಗಳಲ್ಲಿಯೇ ಸಿರಿವಂತ ದೇಶಗಳಿಗೆ ಹೋಗುತ್ತಿತ್ತು. ಬಡ ರೋಗಿಗಳು ಮತ್ತೆ ಸೀಸೆ, ಸಿರಿಂಜಿಗೆ ಮರಳಬೇಕಾಯಿತು. ಪೆನ್ನು ಯಾರ ಕೈಗೆ ಹೋಗಬೇಕೆಂಬುದನ್ನು ಲಾಭವೇ ತೀರ್ಮಾನಿಸಿತು!

ತಂಪಿನ ಮಾತೂ ಹಾಗೆಯೇ. ಕೀನ್ಯದ ದಗಹಲೆ ನಿರಾಶ್ರಿತರ ಶಿಬಿರದ ಉಷ್ಣತೆಯನ್ನು ಅಳೆದು, ಅದರಂತೆ ಜಿನೀವಾದಲ್ಲಿ ಪರೀಕ್ಷಿಸಿದಾಗ, 25ರಿಂದ 37 ಡಿಗ್ರಿಯ ನಡುವೆ ಏರಿಳಿದರೂ ಇನ್‌ಸುಲಿನ್ ನಾಲ್ಕು ವಾರ ಸತ್ವ ಕಳೆದುಕೊಳ್ಳಲಿಲ್ಲವೆಂದು 2021ರಲ್ಲಿ ಪ್ರಕಟವಾಯಿತು. ಫ್ರಿಜ್ ಇಲ್ಲದ ಮನೆಗೆ ಇದು ಧೈರ್ಯದ ಸುದ್ದಿ. ಆದರೆ ಉಗ್ರಾಣದಲ್ಲಿಯೂ ಸಾಗಾಟದಲ್ಲಿಯೂ ತಂಪು ಕಾಯುವ ಹೊಣೆಯಿಂದ ಸರ್ಕಾರ ನುಣುಚಿಕೊಳ್ಳಲು ಇದು ನೆಪವಾಗಕೂಡದು.

ಬೆಂಗಳೂರಿನ ಬಯೋಕಾನ್ 2004ರಿಂದಲೇ ಮಾನವ ಇನ್‌ಸುಲಿನನ್ನು ಮಾರುತ್ತಿದೆ. ಮದ್ದು ತಯಾರಿಸುವ ಶಕ್ತಿ ನಾಡಿಗಿದೆಯೆಂದ ಮೇಲೆ ಅದನ್ನು ಕಡೆಯ ಹಳ್ಳಿಗೆ ಮುಟ್ಟಿಸುವ ಸಂಕಲ್ಪವಷ್ಟೇ ಬೇಕು. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೂ ಸೀಸೆಯ ಜೊತೆಗೆ ಸೂಜಿ, ಸಿರಿಂಜುಗಳನ್ನೂ, ಕಣ್ಣು ಮಂಜಾದವರಿಗೆ ಪೆನ್ನನ್ನೂ ಪುಕ್ಕಟೆಯಾಗಿ ಕೊಡಬೇಕು. ಚುಚ್ಚಿಕೊಳ್ಳುವ, ಕಾಪಾಡಿಕೊಳ್ಳುವ ಕ್ರಮವನ್ನು ಕಲಿಸಬೇಕು. ರೋಗಿಯ ಮೈಗೆ ಸೇರದ ಮದ್ದು ಇದ್ದೂ ಇಲ್ಲದಂತೆ. ಕೊಟ್ಟ ಸೀಸೆಗಳ ಲೆಕ್ಕವನ್ನಲ್ಲ, ಉಳಿದ ಜೀವಗಳ ಲೆಕ್ಕವನ್ನು ಜನತೆ ಕೇಳಬೇಕು.