ಜೋಡಿಗಾಜಿನ ಅಂಚು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಬೇಸಿಗೆಯ ತಾಪವು 40 ಡಿಗ್ರಿಯನ್ನು ಮೀರುವುದನ್ನು ವಾಚಕರು ಬಲ್ಲರು. ದಪ್ಪ ಗೋಡೆ, ಸಣ್ಣ ಕಿಟಕಿ, ಮಣ್ಣಿನ ಮಾಳಿಗೆಗಳಿಂದ ನಮ್ಮ ಹಿರಿಯರು ಅದನ್ನು ತಡೆದರು. ಈಗ ದೊಡ್ಡ ನಗರಗಳನ್ನು ನೋಡಿ ಗಾಜಿನ ಮುಖವುಳ್ಳ ಕಟ್ಟಡಗಳ ಮೇಲೆ ಮೋಹವು ಬೆಳೆದಿದೆ. ಜೋಡಿಗಾಜು ಹಾಕಿಸಿದರೆ ಸೆಕೆಯ ಮಾತು ಮುಗಿಯಿತೆಂಬ ವಾದವನ್ನು ನಾವು ಅರ್ಧಕ್ಕೆ ಮಾತ್ರ ಒಪ್ಪುತ್ತೇವೆ.

ಜೋಡಿಗಾಜಿನ ಗುಣವಿರುವುದು ಎರಡು ಹಾಳೆಗಳ ನಡುವೆ ಸೆರೆಯಾದ ಒಣ ಗಾಳಿಯಲ್ಲಿ. ಅದನ್ನು ಕಾಯುವುದು ಅಂಚಿನ ಅಂಟು. ಒಳಗಿನ ಬ್ಯುಟೈಲ್ ತೇವವನ್ನು ತಡೆಯುತ್ತದೆ. ಹೊರಗಿನ ಪಾಲಿಸಲ್ಫೈಡ್ ಅಥವಾ ಸಿಲಿಕೋನ್ ಗಾಜುಗಳನ್ನು ಬಿಗಿಹಿಡಿಯುತ್ತದೆ. ಹಗಲಿನ ಬಿಸಿಗೆ ಒಳಗಾಳಿಯು ಹಿಗ್ಗಿ, ಇರುಳಿಗೆ ಕುಗ್ಗುವುದರಿಂದ ಅಂಚು ನಿತ್ಯವೂ ಎಳೆದಾಟಕ್ಕೆ ಸಿಕ್ಕುತ್ತದೆ. ಅದು ಬಿರಿದರೆ ತೇವವು ಹೊಕ್ಕು ಗಾಜು ಒಳಗಿನಿಂದ ಮಸುಕಾಗುವುದು. ಒರಸಿದರೆ ಹೋಗದು, ಬದಲಿಸಲೇಬೇಕು. ಅಂಚು ನೇರ ಬಿಸಿಲಿಗೆ ತೆರೆದಿರುವೆಡೆ ಪಾಲಿಸಲ್ಫೈಡ್ ಬಹುಕಾಲ ಬಾಳದು. ಅಲ್ಲಿ ಸಿಲಿಕೋನೇ ಯೋಗ್ಯ.

ಇಷ್ಟಾದರೂ ಬರಿಯ ತಿಳಿಗಾಜು ಜೋಡಿಯಾದ ಮಾತ್ರಕ್ಕೆ ನೇರ ಬಿಸಿಲನ್ನು ತಡೆಯಲಾರದು. ಅದಕ್ಕೆ ನೆರಳು ಬೇಕು. ಕೇಂದ್ರ ಸರಕಾರವು 2007ರಲ್ಲಿ ಪ್ರಕಟಿಸಿದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ಗಾಜಿನ ಮೂಲಕ ಬರುವ ಶಾಖಕ್ಕೆ ಮಿತಿಯನ್ನು ವಿಧಿಸಿರುವುದು ಇದಕ್ಕಾಗಿಯೇ.

ಸಂವಿಧಾನದ 2012ರ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯ ಆಶ್ರಯವನ್ನು ಪಡೆದ ಈ ಭಾಗದಲ್ಲಿ ಅಭಿವೃದ್ಧಿಯ ಹಣದಿಂದ ಶಾಲೆ, ಕಚೇರಿ, ಆಸ್ಪತ್ರೆಗಳು ಏಳುತ್ತವೆ. ಅವುಗಳ ಟೆಂಡರಿನಲ್ಲಿ ಮೊದಲು ಕಿಟಕಿಯ ಮೇಲಣ ಸಜ್ಜಾದ ಅಳತೆಯನ್ನೂ, ಜೋಡಿಗಾಜು ಅವಶ್ಯವಾದೆಡೆ ಅಂಟಿನ ಜಾತಿಯನ್ನೂ, ಅಂಚಿಗೆ ಗುತ್ತಿಗೆದಾರನು ಹೊರಬೇಕಾದ ಹೊಣೆಯ ವರ್ಷಗಳನ್ನೂ ಬರೆಯಿಸಬೇಕು. ಗಾಜಿನ ದಪ್ಪವೊಂದನ್ನೇ ಬರೆದು ಬಿಟ್ಟರೆ ಪ್ರಜೆಗಳು ಒಂದೇ ಕಿಟಕಿಗೆ ಎರಡು ಸಲ ಹಣ ತೆರಬೇಕಾದೀತು. ಅಧಿಕಾರಿಗಳು ಇತ್ತ ಲಕ್ಷ್ಯಗೊಡುವರೆಂದು ಆಶಿಸುತ್ತೇವೆ.