ಕಥೆಯ ಗಂಟು ಎಲ್ಲಿರಬೇಕು?

ಅಷ್ಟಾವಕ್ರನ ಕಥೆಯನ್ನು ಮಕ್ಕಳಿಗೆ ಹೇಳುವವರು ಹೆಚ್ಚಾಗಿ ಜನಕನ ಸಭೆಯಲ್ಲೇ ಮುಗಿಸಿಬಿಡುತ್ತಾರೆ. ಎಂಟು ಕಡೆ ಡೊಂಕಾದ ಮೈಯ ಹುಡುಗ ಸಭೆಗೆ ಬರುತ್ತಾನೆ, ವಂದಿಯಂಥ ಪಂಡಿತನನ್ನು ವಾದದಲ್ಲಿ ಸೋಲಿಸುತ್ತಾನೆ, ನೀರುಪಾಲಾಗಿದ್ದ ತಂದೆಯನ್ನು ಬಿಡಿಸಿಕೊಳ್ಳುತ್ತಾನೆ. ಆದರೆ ವನಪರ್ವದಲ್ಲಿ ಕಥೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ತಂದೆ ಕಹೋಡ ಮಗನಿಗೆ ಸಮಂಗಾ ನದಿಯಲ್ಲಿ ಮುಳುಗಿ ಏಳಲು ಹೇಳುತ್ತಾನೆ. ಮಿಂದು ಎದ್ದಾಗ ಹುಡುಗನ ಕೈಕಾಲುಗಳೆಲ್ಲ ನೆಟ್ಟಗಾಗಿರುತ್ತವೆ. ಸಭೆಯನ್ನು ಗೆದ್ದವನು ಡೊಂಕು ಮೈಯ ಹುಡುಗನೇ. ಆದರೂ ಅವನನ್ನು ಆ ಮೈಯಲ್ಲೇ ಮನೆಗೆ ಕಳಿಸಲು ಕಥೆಗೆ ಮನಸ್ಸಾಗಲಿಲ್ಲ.

ಈ ಮುಗಿತಾಯ ನಮ್ಮ ಪುರಾಣಗಳದ್ದು ಮಾತ್ರವಲ್ಲ. 1872ರ 'ವಾಟ್ ಕೇಟಿ ಡಿಡ್' ಕಾದಂಬರಿಯಲ್ಲಿ ಉಯ್ಯಾಲೆಯಿಂದ ಬಿದ್ದ ಹುಡುಗಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ತಾಳ್ಮೆ ಕಲಿತು, ಒಳ್ಳೆಯವಳಾದ ಮೇಲೆ ಎದ್ದು ನಡೆಯುತ್ತಾಳೆ. 1911ರ 'ದಿ ಸೀಕ್ರೆಟ್ ಗಾರ್ಡನ್'ನ ಕಾಲಿನ್ ತೋಟದಲ್ಲಿ ಎದ್ದು ನಿಲ್ಲುತ್ತಾನೆ. 1913ರ ಪೋಲಿಯಾನಾ ಕೂಡ ಕೊನೆಗೆ ನಡೆಯುತ್ತಾಳೆ. ಇವುಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡುವುದು ಯೊಹಾನ್ನಾ ಸ್ಪೀರಿಯ 'ಹೈಡಿ'. ಹೈಡಿಯ ಗೆಳತಿ ಕ್ಲಾರಾ ಗಾಲಿಕುರ್ಚಿಯಲ್ಲಿ ಆಲ್ಪ್ಸ್ ಬೆಟ್ಟಕ್ಕೆ ಬರುತ್ತಾಳೆ. ಆಡು ಕಾಯುವ ಪೀಟರ್ ಹೊಟ್ಟೆಕಿಚ್ಚಿನಿಂದ ಆ ಕುರ್ಚಿಯನ್ನು ಇಳಿಜಾರಿಗೆ ತಳ್ಳುತ್ತಾನೆ, ಅದು ಉರುಳಿ ಪುಡಿಯಾಗುತ್ತದೆ, ಕುರ್ಚಿ ಹೋದದ್ದರಿಂದಲೇ ಕ್ಲಾರಾ ಕಾಲೂರಿ ನಡೆಯುವಂತಾಗುತ್ತದೆ. ಗಾಲಿಕುರ್ಚಿಯಿಂದಲೇ ಶಾಲೆಗೆ, ಆಟದ ಬಯಲಿಗೆ, ಅಜ್ಜಿಮನೆಗೆ ಹೋಗಿಬರುವ ಮಗು ಈ ಪುಟ ಓದುವಾಗ ಏನಾಗಬೇಕು? ಆ ಮಗುವಿಗೆ ಕುರ್ಚಿಯೇ ಕಾಲು. ಅದು ಮುರಿದರೆ ಇಡೀ ಊರು ಅದಕ್ಕೆ ಮುಚ್ಚಿಹೋಗುತ್ತದೆ. ಪುಸ್ತಕವೋ ಕುರ್ಚಿ ಮುರಿದದ್ದನ್ನೇ ದೇವರ ಕೃಪೆ ಎನ್ನುವ ಹಾಗೆ ಹೇಳುತ್ತದೆ.

ಹೀಗೆ ಬರೆದವರಿಗೆ ಮಕ್ಕಳ ಮೇಲೆ ಅಕ್ಕರೆ ಇರಲಿಲ್ಲ ಎಂದಲ್ಲ. ತೊಡಕು ಇರುವುದು ಕಥೆ ಕಟ್ಟುವ ರೀತಿಯಲ್ಲಿ. ಮೊದಲ ಪುಟದಲ್ಲಿ ಬಿದ್ದ ಗಂಟು ಕೊನೆಯ ಪುಟದೊಳಗೆ ಬಿಚ್ಚಲೇಬೇಕು, ಇಲ್ಲದಿದ್ದರೆ ಕೇಳುವ ಮಗು "ಆಮೇಲೆ?" ಎನ್ನುತ್ತದೆ. ಕಾಲು ಬಾರದ್ದನ್ನೇ, ಕಣ್ಣು ಕಾಣದ್ದನ್ನೇ ಕಥೆಯ ಗಂಟು ಮಾಡಿಕೊಂಡ ಲೇಖಕರಿಗೆ ಅದನ್ನು ಬಿಚ್ಚಲು ಇರುವ ದಾರಿಗಳು ಬಹಳ ಕಡಿಮೆ. ಮಗು ವಾಸಿಯಾಗಬೇಕು, ಇಲ್ಲ ಸಾಯಬೇಕು, ಇಲ್ಲವೇ ಎಲ್ಲರೂ ಬೆರಗಾಗುವಂಥ ಏನನ್ನಾದರೂ ಸಾಧಿಸಿ ತೋರಿಸಬೇಕು. ನಿಜವಾದ ಬದುಕಿನಲ್ಲಿ ಪೋಲಿಯೋ ಬಡಿದ ಕಾಲು ನಾಳೆಯೂ ಹಾಗೇ ಇರುತ್ತದೆ, ನಾಡಿದ್ದು ಅದೇ ಕಾಲಿನಲ್ಲಿ ಸಂತೆಗೆ ಹೋಗಬೇಕಾಗುತ್ತದೆ. ಆದ್ದರಿಂದ ಇಂಥ ಮಕ್ಕಳ ಪುಸ್ತಕಗಳ ಬಗ್ಗೆ ನಾನು ಕೇಳಬೇಕೆಂದಿರುವ ಪ್ರಶ್ನೆ ಒಂದೇ: ಕಥೆಯ ಗಂಟು ಎಲ್ಲಿರಬೇಕು? ಮಗುವಿನ ಮೈಯಲ್ಲಿ ಅಲ್ಲ ಎಂಬುದು ನನ್ನ ಉತ್ತರ.

ಸಾಧನೆಯ ದಾರಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಶಾಲೆಗಳ ಕಪಾಟಿನಲ್ಲಿ ಹೆಚ್ಚು ಸಿಗುವುದು ಅದೇ. ಹೆಲೆನ್ ಕೆಲರ್ ಬಗ್ಗೆ ಓದದ ಮಕ್ಕಳು ಕಡಿಮೆ. ಆದರೆ ಮಕ್ಕಳ ಪುಸ್ತಕಗಳ ಹೆಲೆನ್‌ಗೆ ಬಹುತೇಕ ಏಳು ವರ್ಷ ದಾಟುವುದೇ ಇಲ್ಲ. 1887ರಲ್ಲಿ ಗುರು ಆ್ಯನಿ ಸಲಿವನ್ ಪಂಪಿನ ನೀರನ್ನು ಕೈಮೇಲೆ ಹರಿಯಬಿಟ್ಟು ಅಕ್ಷರ ಬರೆದ ಗಳಿಗೆಗೆ ಕಥೆ ನಿಂತುಬಿಡುತ್ತದೆ. ಆಕೆ ಬದುಕಿದ್ದು 1968ರವರೆಗೆ. ಸಮಾಜವಾದಿ ಪಕ್ಷ ಸೇರಿದರು, ಹೆಂಗಸರ ಮತದ ಹಕ್ಕಿಗಾಗಿ ವಾದಿಸಿದರು, 1920ರಲ್ಲಿ ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘಟನೆ ಹುಟ್ಟುಹಾಕಿದವರ ಜೊತೆ ನಿಂತರು. ಜಗಳಕ್ಕೆ ಅಂಜದ ಈ ಹೆಂಗಸನ್ನು ಬಿಟ್ಟು, ನೀರು ಮುಟ್ಟಿ ಬೆರಗಾದ ಹುಡುಗಿಯನ್ನಷ್ಟೇ ನಾವು ಮಕ್ಕಳಿಗೆ ಕೊಡುತ್ತ ಬಂದಿದ್ದೇವೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಬಗ್ಗೆ ಓದಿ ಬೆಳೆದವನು ನಾನು. ಆ ಚರಿತ್ರೆಗಳು ಬೇಡ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಬೆಂಗಳೂರಿನ ಕ್ರೀಡಾಪಟು ಮಾಲತಿ ಹೊಳ್ಳ ಅವರ ಬದುಕನ್ನು ಆಧರಿಸಿ ಚೆನ್ನೈನ ತೂಲಿಕಾ ಪ್ರಕಾಶನ ತಂದ ಚಿತ್ರಪುಸ್ತಕವೂ ಬೇಕು. ಆದರೆ ಕಪಾಟಿನಲ್ಲಿ ಬರೀ ಇವೇ ಇದ್ದರೆ ಮಗುವಿಗೆ ತಲುಪುವ ಮಾತೇ ಬೇರೆಯಾಗುತ್ತದೆ. ಎರಡು ಕಣ್ಣಿರುವವನು ಸುಮ್ಮನೆ ಒಬ್ಬ ಹುಡುಗನಾಗಿ ಇರಬಹುದು, ಕಣ್ಣಿಲ್ಲದವನು ಮಾತ್ರ ಗವಾಯಿಯೇ ಆಗಬೇಕು. ಎಲ್ಲ ಮಕ್ಕಳಿಗೂ ಸಂಗೀತ ಹತ್ತುವುದಿಲ್ಲ. ಹತ್ತದ ಮಗುವೂ ಬೆಳಗ್ಗೆ ಎದ್ದು ಶಾಲೆಗೆ ಹೋಗಬೇಕಲ್ಲ.

2012ರಲ್ಲಿ ಬಂದು ಜಗತ್ತಿನ ತುಂಬ ಓದಿಸಿಕೊಂಡ ಆರ್. ಜೆ. ಪಲಾಸಿಯೊ ಅವರ 'ವಂಡರ್' ಈ ವಿಷಯದಲ್ಲಿ ಎಷ್ಟೋ ಸೂಕ್ಷ್ಮ. ಹುಟ್ಟಿನಿಂದಲೇ ಮುಖದ ರಚನೆ ಬೇರೆಯಾಗಿರುವ ಆಗಿ ಎಂಬ ಹುಡುಗ ಅದರಲ್ಲಿ ಮೊದಲ ಸಲ ಶಾಲೆಗೆ ಹೋಗುತ್ತಾನೆ. ಅವನ ಅಕ್ಕನ ಒಳಗುದಿಯನ್ನು ಲೇಖಕಿ ಬರೆದ ರೀತಿಗೆ ನಾನು ತಲೆಬಾಗುತ್ತೇನೆ. ಆದರೂ ವರ್ಷದ ಕೊನೆಗೆ ಅವನನ್ನು ವೇದಿಕೆಗೆ ಕರೆದು ಪದಕ ಕೊಡುತ್ತಾರೆ, ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟುತ್ತದೆ. ಯಾವುದಕ್ಕೆ ಆ ಪದಕ? ಒಂದು ವರ್ಷ ಎಲ್ಲರ ಕಣ್ಣನ್ನು, ಪಿಸುಮಾತನ್ನು ತಡೆದುಕೊಂಡಿದ್ದಕ್ಕೆ. ಬದಲಾಗಬೇಕಿದ್ದದ್ದು ಶಾಲೆ. ಪದಕ ಸಿಕ್ಕಿದ್ದು ಸಹಿಸಿಕೊಂಡವನಿಗೆ.

ಗಂಟನ್ನು ಬೇರೆ ಕಡೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರೇ ಒಂದು ಒಳ್ಳೆಯ ಉದಾಹರಣೆ ಕೊಟ್ಟಿದೆ. ಜೈನಾಬ್ ಸುಲೈಮಾನ್ ಇಂಗ್ಲಿಷಿನಲ್ಲಿ ಬರೆದ 'ಸಿಂಪ್ಲಿ ನಂಜು' 2016ರಲ್ಲಿ ಬಂತು. ಕಥೆ ನಡೆಯುವುದು ಅಂಗವಿಕಲ ಮಕ್ಕಳ ಶಾಲೆಯೊಂದರಲ್ಲಿ. ನಂಜುವಿನ ನಡಿಗೆ ಬೇರೆಯವರ ಹಾಗಿಲ್ಲ, ಅವನ ಜೀವದ ಗೆಳೆಯ ಮಹೇಶ ಗಾಲಿಕುರ್ಚಿಯಲ್ಲಿದ್ದಾನೆ. ಆದರೆ ಕಥೆಯನ್ನು ಓಡಿಸುವುದು ಇದ್ಯಾವುದೂ ಅಲ್ಲ. ತರಗತಿಯಲ್ಲಿ ಒಳ್ಳೊಳ್ಳೆಯ ನೋಟ್‌ಪುಸ್ತಕಗಳು ಕಾಣೆಯಾಗುತ್ತಿವೆ, ಗುಮಾನಿ ನಂಜುವಿನ ಮೇಲೆ. ಮನೆಯಲ್ಲಿ ಅಪ್ಪ ಹಾಸ್ಟೆಲಿಗೆ ಹಾಕುತ್ತೇನೆಂದು ಗದರುತ್ತಾನೆ. ಕಳ್ಳ ಯಾರು ಎಂದು ಕಂಡುಹಿಡಿಯದೆ ನಂಜುವಿಗೆ ಉಳಿಗಾಲವಿಲ್ಲ. ಓದುವ ಮಗುವಿಗೂ ಅದೇ ತಹತಹ. ಅಲ್ಲಿರುವ ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ಊನ ಇರುವುದರಿಂದ ಯಾರೂ ಅದಕ್ಕಾಗಿ ದೇವರೂ ಆಗುವುದಿಲ್ಲ, ಪಾಪದವರೂ ಆಗುವುದಿಲ್ಲ. ಜಗಳಗಂಟರಿದ್ದಾರೆ, ಜಾಣರಿದ್ದಾರೆ, ಚಾಡಿ ಹೇಳುವವರಿದ್ದಾರೆ. ಸುಖವಾಗಿ ಓದಿಸಿಕೊಂಡು ಹೋಗುವ ಪತ್ತೇದಾರಿ ಕಥೆ ಅದು.

ತೂಲಿಕಾದವರ 'ಎ ವಾಕ್ ವಿತ್ ತಂಬಿ' ಇನ್ನೂ ಚಿಕ್ಕ ಮಕ್ಕಳಿಗೆ. ಕಣ್ಣು ಕಾಣದ ಹುಡುಗ ತನ್ನ ನಾಯಿ ತಂಬಿಯ ಜೊತೆ ಸುತ್ತಾಡಲು ಹೊರಡುತ್ತಾನೆ, ಪುಟಗಳ ತುಂಬ ಇರುವುದು ಹೆಚ್ಚಾಗಿ ಶಬ್ದಗಳು. ಕೋಲು ನೆಲಕ್ಕೆ ತಗಲುವ ಸದ್ದು, ದಾರಿಯ ಸದ್ದು. ಹುಡುಗ ಯಾರನ್ನೂ ಗೆಲ್ಲುವುದಿಲ್ಲ, ಯಾರಿಗೂ ಪಾಠ ಹೇಳುವುದಿಲ್ಲ. ಇದೇ ಪ್ರಕಾಶನದ 'ಕಣ್ಣ ಪಣ್ಣ'ದಲ್ಲಿ ಗುಹಾಲಯದ ದೀಪಗಳು ಆರಿಹೋದಾಗ ಕಣ್ಣಿಲ್ಲದ ಹುಡುಗನೇ ಎಲ್ಲರನ್ನೂ ಹೊರಗೆ ಕರೆತರುತ್ತಾನೆ. ಮಕ್ಕಳಿಗೆ ಅದು ತುಂಬ ಹಿಡಿಸುತ್ತದೆ, ನನಗೂ ಹಿಡಿಸಿದೆ. ಆದರೂ ದೀಪ ಆರದೇ ಹೋಗಿದ್ದರೆ ಆ ದಿನ ಅವನನ್ನು ಯಾರು ಗಮನಿಸುತ್ತಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ. ತಂಬಿಯ ಗೆಳೆಯನಿಗೆ ಅಂಥ ಕತ್ತಲೆಯ ನೆರವು ಬೇಕಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಗಂಟು ಬೇರೆಲ್ಲೋ ಇರಲಿ ಎಂದರೆ ಊನವನ್ನು ಮುಚ್ಚಿಡಿ ಎಂದ ಹಾಗಾಗುವುದಿಲ್ಲವೇ? "ನಾವೆಲ್ಲ ಒಂದೇ, ವ್ಯತ್ಯಾಸ ಏನೂ ಇಲ್ಲ" ಎಂದು ಹಾಡಿಸುವ ಪುಸ್ತಕಗಳು ಈಗ ಬೇಕಾದಷ್ಟಿವೆ. ಅವು ಮಕ್ಕಳಿಗೆ ಮೋಸ ಮಾಡುತ್ತವೆ ಎಂದೇ ನನ್ನ ನಂಬಿಕೆ. ವ್ಯತ್ಯಾಸ ಇದೆ ಎಂಬುದು ಮಕ್ಕಳಿಗೆ ಗೊತ್ತು. ಹಳ್ಳಿಯ ಶಾಲೆಯೊಂದರಲ್ಲಿ ತಂಬಿಯ ಚಿತ್ರಗಳನ್ನು ತೋರಿಸುತ್ತಿದ್ದಾಗ ಎರಡನೇ ಕ್ಲಾಸಿನ ಹುಡುಗಿ ಎದ್ದು, "ಸಾರ್, ಅವ್ನಿಗೆ ಅನ್ನದಾಗಿನ ಹರಳು ಹೆಂಗ್ ಗೊತ್ತಾಗ್ತದ?" ಎಂದು ಕೇಳಿದಳು. ಪಕ್ಕದವನು "ಬಾಯಾಗ ಹಾಕ್ಕೊಂಡ್ರ ಎಲ್ಲಾರಿಗೂ ಗೊತ್ತಾಗ್ತದ" ಎಂದ. ಇಬ್ಬರ ದನಿಯಲ್ಲೂ ಅಯ್ಯೋ ಎನ್ನುವ ಭಾವವಿರಲಿಲ್ಲ. ಅವರಿಗೆ ಬೇಕಾದದ್ದು ಹೇಗೆ ಎಂಬುದು. ಹೇಗೆ ಸ್ನಾನ ಮಾಡುತ್ತಾನೆ, ಹೇಗೆ ರೊಕ್ಕ ಎಣಿಸುತ್ತಾನೆ, ಕನಸು ಬೀಳುತ್ತದೋ ಇಲ್ಲವೋ. ಪಕ್ಕದಲ್ಲಿರುವ ದೊಡ್ಡವರು "ಹಾಗೆಲ್ಲ ಕೇಳಬಾರದು" ಎಂದು ಬಾಯಿ ಮುಚ್ಚಿಸುತ್ತಾರೆ. ಒಳ್ಳೆಯ ಪುಸ್ತಕ ಆ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತದೆ.

ಸೀಸ್ ಬೆಲ್ ಅವರ ಚಿತ್ರಕಾದಂಬರಿ 'ಎಲ್ ಡೆಫೊ' (2014) ಈ ಕೆಲಸವನ್ನು ಮಾಡಿದಷ್ಟು ಚೆನ್ನಾಗಿ ಮತ್ತೊಂದು ಪುಸ್ತಕ ಮಾಡಿದ್ದನ್ನು ನಾನು ನೋಡಿಲ್ಲ. ನಾಲ್ಕನೇ ವಯಸ್ಸಿಗೆ ಮೆದುಳುಪೊರೆಯ ಜ್ವರ ಬಂದು ಕಿವಿ ಕಳೆದುಕೊಂಡ ಲೇಖಕಿ ತನ್ನ ಬಾಲ್ಯವನ್ನೇ ಅದರಲ್ಲಿ ಬರೆದಿದ್ದಾರೆ, ಪಾತ್ರಗಳಿಗೆಲ್ಲ ಮೊಲದ ಮುಖ ಬಿಡಿಸಿದ್ದಾರೆ. ಎದೆಗೆ ಕಟ್ಟಿದ ಪೆಟ್ಟಿಗೆ, ಕಿವಿಗೆ ಹೋಗುವ ತಂತಿ, ಟೀಚರ್ ಕೊರಳಲ್ಲಿ ಮೈಕು. ಟೀಚರ್ ಮೈಕು ತೆಗೆಯದೆ ಹೋದರೆ ಶೌಚಾಲಯದ ಸದ್ದೂ ಹುಡುಗಿಗೆ ಕೇಳುತ್ತದೆ. ಅದನ್ನು ತನ್ನ ಗುಟ್ಟಿನ ಶಕ್ತಿ ಎಂದುಕೊಂಡು ಅವಳು ಹಿಗ್ಗುತ್ತಾಳೆ. ಅದೇ ಪುಸ್ತಕದಲ್ಲಿ ಗೆಳತಿಯ ಮನೆಯಲ್ಲಿ ಮಲಗುವ ರಾತ್ರಿಯೂ ಬರುತ್ತದೆ. ದೀಪ ಆರಿದ ಮೇಲೆ ಹುಡುಗಿಯರ ಹರಟೆ ಶುರುವಾಗುತ್ತದೆ. ತುಟಿ ನೋಡಿ ಮಾತು ತಿಳಿಯುವವಳಿಗೆ ಕತ್ತಲೆಯಲ್ಲಿ ತುಟಿ ಕಾಣುವುದಿಲ್ಲ. ಗೆಳತಿಯೊಬ್ಬಳು ಒಳ್ಳೆಯ ಮನಸ್ಸಿನಿಂದಲೇ ಜೋರಾಗಿ, ನಿಧಾನವಾಗಿ, ಬಾಯಿ ಅಗಲಿಸಿ ಮಾತಾಡಿ ಪ್ರಾಣ ತಿನ್ನುತ್ತಾಳೆ. ಇಲ್ಲಿ ಕಿವುಡು ಪುಟಪುಟದಲ್ಲೂ ಇದೆ, ಆದರೆ ಕಥೆಯ ಗಂಟು ಒಬ್ಬ ನಿಜವಾದ ಗೆಳತಿಯನ್ನು ಹುಡುಕುವುದರಲ್ಲಿದೆ.

ಕಾಯಿಲೆಯ ವಿಷಯಕ್ಕೆ ಬಂದರೆ ಕಥೆಗಾರರು ಸಾವನ್ನೇ ನೆಚ್ಚಿಕೊಳ್ಳುತ್ತಾರೆ. ಹಿರೋಶಿಮಾದ ಬಾಲಕಿ ಸದಾಕೊ ಸಸಾಕಿ 1955ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಲ್ಯುಕೇಮಿಯಾದಿಂದ ತೀರಿಕೊಂಡಳು. ಎಲೀನರ್ ಕೋರ್ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಅವಳು 644 ಕಾಗದದ ಕೊಕ್ಕರೆ ಮಡಚುವಷ್ಟರಲ್ಲಿ ಸಾಯುತ್ತಾಳೆ. ಅವಳ ಅಣ್ಣ ಹೇಳುವಂತೆ ಅವಳು ಸಾವಿರವನ್ನೂ ದಾಟಿದ್ದಳು. ಸಾವಿರ ಮುಗಿಸಿ, ಸಾಲದೆಂದು ಮತ್ತೆ ಮಡಚುತ್ತ ಕೂತ ಆ ಹಟಮಾರಿ ಹುಡುಗಿ ನನಗೆ ಹೆಚ್ಚು ಬೇಕಾದವಳು. ಸಾಯದೆ, ವಾಸಿಯೂ ಆಗದೆ, ಕಾಯಿಲೆಯ ಜೊತೆಗೇ ದೊಡ್ಡವರಾಗುವ ಮಕ್ಕಳ ಕಥೆಗಳಂತೂ ಇನ್ನೂ ಅಪರೂಪ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳಿದ್ದಾರೆ. ದಿನಕ್ಕೆ ಹಲವು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ಟೈಪ್ 1 ಡಯಾಬಿಟಿಸ್ ಮಕ್ಕಳಿದ್ದಾರೆ. ಫ್ರಿಜ್ ಇಲ್ಲದ ಮನೆಯಲ್ಲಿ ಆ ಸೀಸೆಯನ್ನು ನೀರಿನ ಮಣ್ಣಿನ ಮಡಕೆಯಲ್ಲಿ ತಂಪಾಗಿ ಇಡುತ್ತಾರೆ. ಕಬಡ್ಡಿ ಆಡುವಾಗ ಸಕ್ಕರೆ ಇಳಿದು ಬೆವರಿ ಕೈ ನಡುಗಿದರೆ ತಿನ್ನಲೆಂದು ಹುಡುಗ ಚಡ್ಡಿ ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡಿದ್ದಾನೆ, ಅದನ್ನು ಗೆಳೆಯ ಕದ್ದು ತಿಂದುಬಿಟ್ಟಿದ್ದಾನೆ ಎಂದುಕೊಳ್ಳಿ. ಒಂದು ಕಥೆಗೆ ಬೇಕಾದದ್ದೆಲ್ಲ ಅಷ್ಟರಲ್ಲೇ ಇದೆ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವುದು ನಮ್ಮ ಊರುಗಳಲ್ಲಿ ಇಂದಿಗೂ ನಿಂತಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು ಎಂಬುದು ಕರಪತ್ರದಿಂದ ತಲುಪದಿದ್ದರೂ ಕಥೆಯೊಳಗಿನ ಒಬ್ಬ ತಂಗಿಯ ಕೈಯಿಂದ ತಲುಪಬಹುದು.

ಮೈಯಲ್ಲಿ ಅಲ್ಲದಿದ್ದರೆ ಗಂಟು ಎಲ್ಲಿದೆ ಎಂಬುದಕ್ಕೆ ನನಗೆ ಸಿಕ್ಕ ಅತ್ಯಂತ ಗಟ್ಟಿ ಉತ್ತರ 'ತೊತ್ತೊ-ಚಾನ್'ನಲ್ಲಿದೆ. ತೆತ್ಸುಕೊ ಕುರೊಯನಾಗಿ 1981ರಲ್ಲಿ ಪ್ರಕಟಿಸಿದ ಈ ನೆನಪುಗಳ ಪುಸ್ತಕ ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಕನ್ನಡಕ್ಕೂ ಬಂದಿದೆ. ಟೋಕಿಯೋದ ತೊಮೊಯೆ ಶಾಲೆಯ ಕ್ರೀಡಾದಿನದಲ್ಲಿ ಕೈಕಾಲು ಗಿಡ್ಡವಾಗಿದ್ದ, ಮುಂದೆ ಬೆಳೆಯದ ಮೈಯ ತಕಾಹಾಶಿ ಎಂಬ ಹುಡುಗನೇ ಒಂದಾದ ಮೇಲೊಂದು ಸ್ಪರ್ಧೆ ಗೆಲ್ಲುತ್ತಾನೆ. ಬಟ್ಟೆಯ ಮೀನಿನ ಹೊಟ್ಟೆಯೊಳಗೆ ತೂರಿ ಹೊರಬರುವ ಓಟದಂಥ ಆಟಗಳನ್ನು ಮುಖ್ಯೋಪಾಧ್ಯಾಯ ಕೊಬಾಯಾಶಿ ಅವನ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೆಣೆದಿದ್ದರು. ಬಹುಮಾನವೋ, ಮನೆಗೆ ಒಯ್ಯುವ ತರಕಾರಿ! ಇದು ಪಕ್ಷಪಾತ ಎನ್ನುವ ಮೇಷ್ಟರುಗಳನ್ನು ನಾನು ಕೇಳಿದ್ದೇನೆ. ನೂರು ಮೀಟರ್ ಓಟ ಉದ್ದ ಕಾಲಿನವರ ಪರವಾಗಿಯೇ ಹುಟ್ಟಿದ ಆಟ, ಅದನ್ನು ಯಾರೂ ಪಕ್ಷಪಾತ ಎನ್ನುವುದಿಲ್ಲ. ಕೊಬಾಯಾಶಿ ಹುಡುಗನನ್ನು ತಿದ್ದಲು ಹೋಗಲಿಲ್ಲ, ಮೈದಾನವನ್ನು ತಿದ್ದಿದರು. ಪೋಲಿಯೋ ಆಗಿದ್ದ ಯಾಸುಆಕಿ-ಚಾನ್‌ನನ್ನು ತೊತ್ತೊ ಏಣಿ ತಂದು, ದೂಡಿ, ಎಳೆದು ತನ್ನ ಮರಕ್ಕೆ ಹತ್ತಿಸುವ ಅಧ್ಯಾಯವೂ ಹಾಗೆಯೇ. ಅಲ್ಲಿ ಗಂಟು ಮರದ ಎತ್ತರ, ಜಾರುವ ಏಣಿ, ದೊಡ್ಡವರಿಗೆ ಗೊತ್ತಾದರೆ ಎಂಬ ಭಯ.

ಈ ಮಕ್ಕಳು ಪುಸ್ತಕದ ಪಾತ್ರಗಳಷ್ಟೇ ಅಲ್ಲ, ಓದುಗರೂ ಹೌದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. 2016ರ ಕಾನೂನು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ರೂಪಾಂತರಿಸಲು ದಾರಿ ಬಿಡುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ನಮ್ಮದು. ಆದರೂ ಬ್ರೈಲ್‌ನಲ್ಲಿ ಪಠ್ಯಪುಸ್ತಕ ಸಿಕ್ಕ ಮಗುವಿಗೆ ಅದೇ ಸುಲಭದಲ್ಲಿ ಕಥೆಪುಸ್ತಕ ಸಿಗುವುದಿಲ್ಲ. ಸಿಕ್ಕಿದರೂ ಎಷ್ಟೋ ಕಡೆ ಗ್ರಂಥಾಲಯ ಇರುವುದು ಮೆಟ್ಟಿಲು ಹತ್ತಿದ ಮೇಲೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಶಿಕ್ಷಕರಿದ್ದಾರೆ. ಅವರ ಚೀಲದಲ್ಲಿ ಅಭ್ಯಾಸದ ಹಾಳೆಗಳ ಜೊತೆ ಎರಡು ಕಥೆಪುಸ್ತಕ ಇರಲೇಬೇಕೆಂದು ಇಲಾಖೆ ನಿಯಮ ಮಾಡಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ನಡೆಸುತ್ತಿರುವ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆಯಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು.

ಉಳಿದದ್ದು ಬರೆಯುವವರ ಕೆಲಸ. ನಂಜು ಓಡಾಡುವ ಬೀದಿ ಬೆಂಗಳೂರಿನದು, ಅವನ ಹೆಸರು ನಮ್ಮದು. ಅವನ ಜೊತೆಗಾರರು ಕನ್ನಡದಲ್ಲೇ ಹುಟ್ಟಬೇಕು. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕ್ಯಾಲಿಪರ್ ಹಾಕಿಕೊಂಡು ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತುವ ಹುಡುಗಿ, ಹಾಸ್ಟೆಲಿನಲ್ಲಿ ತಬಲಾ ಕಲಿಯಲು ಒಲ್ಲೆನೆಂದು ಕ್ರಿಕೆಟ್ ಕಾಮೆಂಟರಿ ಬಾಯಿಪಾಠ ಮಾಡುವ ಕಣ್ಣಿಲ್ಲದ ಹುಡುಗ, ಜಾತ್ರೆಯ ಗದ್ದಲ ತಡೆಯಲಾರದೆ ಕಿವಿ ಮುಚ್ಚಿಕೊಳ್ಳುವ ಆಟಿಸಂ ಇರುವ ತಮ್ಮ, ಅವನಿಂದಾಗಿ ತೇರು ನೋಡದೆ ಮನೆಗೆ ಮರಳಬೇಕಾಗಿ ಸಿಟ್ಟಾದ ಅಕ್ಕ. ಬರೆದ ಮೇಲೆ ಹಸ್ತಪ್ರತಿಯನ್ನು ಮೊದಲು ಓದಬೇಕಾದವರು ಅಂಥದೇ ಬದುಕು ಇರುವ ಮಕ್ಕಳು, ಅವರ ಅಕ್ಕತಮ್ಮಂದಿರು. ಪ್ರಕಾಶಕರು ಆ ಓದಿಗೆ ಸಂಭಾವನೆಯನ್ನೂ ಕೊಡಬೇಕು. ಅವರು "ಹಿಂಗ ಇರಂಗಿಲ್ರೀ" ಎಂದರೆ ಆ ಪುಟವನ್ನು ಮತ್ತೆ ಬರೆಯಬೇಕು.