ಹೆಚ್ಚಾದ ಅಕ್ಕಿ

ಮನಶ್ಶಾಂತಿಯನ್ನರಸಿ ಮಾನವನು ಬೆಟ್ಟವನ್ನೇರುತ್ತಾನೆ, ತೀರ್ಥಗಳಲ್ಲಿ ಮೀಯುತ್ತಾನೆ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನಿಗೆ ಅದು ದೊರೆತುದು ತನ್ನ ಮನೆಯೊಳಗೆ, ಅಕ್ಕಿಯ ಅಳತೆಯಲ್ಲಿ.

ಆಕೆಯ ಪತಿ ಮಾರಯ್ಯನ ಕಾಯಕ, ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದಲೇ ನಿತ್ಯದ ದಾಸೋಹ ನಡೆಯಬೇಕು. ಶರಣ ಪರಂಪರೆಯ ಕಥೆಯಂತೆ, ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಬಡವರ ಮನೆಯಲ್ಲಿ ಹರ್ಷಪಡಲು ಅಷ್ಟು ಸಾಲದೆ? ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅದು ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ಆದರೂ ನಾಳೆಗಿರಲೆಂಬ ಆಸೆ ಅದರೊಳಗೆ ಮೊಳೆತುದನ್ನು ಆಕೆ ಕಂಡಳು. ಮಾರಯ್ಯ ಮರುಮಾತಿಲ್ಲದೆ ಹಿಂದಿರುಗಿದನು. ಲಕ್ಕಮ್ಮನ ಆ ಎಚ್ಚರ ಆಕೆಯ ವಚನಗಳಲ್ಲಿ ಇಂದಿಗೂ ಉಳಿದಿದೆ.

ಆತ್ಮಪರೀಕ್ಷೆಗೆ ಗುಹೆಯೇ ಬೇಕೆಂಬುದು ಭ್ರಮೆ. ಅಂಗಡಿಯವನು ಮರೆತು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಜೇಬಿಗಿಳಿಸುವ ಕೈ ಒಂದು ಕ್ಷಣ ತಡೆದರೆ, ಮನಸ್ಸು ತನ್ನನ್ನು ತಾನೇ ಕಂಡಂತಾಯಿತು. ಹಾಗೆ ಕಾಣದ ಆಸೆಯೇ ರಾತ್ರಿಯ ನಿದ್ದೆಯನ್ನು ಕದಿಯುವುದು.

ಓದುಗರೆ, ಇಂದು ಮಲಗುವ ಮುನ್ನ ಒಮ್ಮೆ ಕೇಳಿಕೊಳ್ಳಿರಿ: ಈ ದಿನ ಮನೆಗೆ ತಂದುದರಲ್ಲಿ ಅಗತ್ಯವೆಷ್ಟು, ಆಸೆಯೆಷ್ಟು?